ಒಗಟು ಬಿಡಿಸುವುದೂ ಬೀಗ ಮುರಿಯುವುದೂ

ಗೂಢವನ್ನು ಬಿಡಿಸುವುದು ಕನ್ನಡಿಗರಿಗೆ ಹೊಸತಲ್ಲ. ಅಂಕಿಗಳ ಚೌಕಗಳಲ್ಲಿ ಕಾವ್ಯವನ್ನು ಅಡಗಿಸಿದ ‘ಸಿರಿಭೂವಲಯ’ 1953ರಲ್ಲಿ ಅಚ್ಚಾಯಿತು. ಅದರ ಕಾಲದ ಬಗೆಗೆ ವಿದ್ವಾಂಸರು ಜಗಳವಾಡಿದರು. ಅದನ್ನು ಬಿಡಿಸಹೊರಟವರ ಶ್ರಮವನ್ನು ಮಾತ್ರ ಯಾರೂ ಕಳವೆನ್ನಲಿಲ್ಲ. ಹಾಗಾದರೆ ಉಪಗ್ರಹ ದೂರದರ್ಶನದ ಸಂಕೇತವನ್ನು ತಂತ್ರಾಂಶದಿಂದ ಬಿಡಿಸುವ ತರುಣನನ್ನು ಕಾನೂನು ಏಕೆ ಹಿಡಿಯಬೇಕು? ಚುರುಕಾದ ವಿದ್ಯಾರ್ಥಿ ಕೇಳಬಹುದಾದ ಈ ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಕಾಳಿಯ ದಂಡೆಯ ಮಲ್ಲಾಪುರದಲ್ಲಿ ನಿಂತು ನೋಡಿದರೆ ಪ್ರಶ್ನೆಯ ಬಲ ತಿಳಿಯುತ್ತದೆ. ಕೈಗಾ ನೌಕರರ ವಸತಿಯ ಮೇಲೂ ಸುತ್ತಣ ಹಳ್ಳಿಯ ಹಂಚಿನ ಮನೆಗಳ ಬದಿಗೂ ಡಿಶ್ಶುಗಳು ಆಗ್ನೇಯಕ್ಕೆ ಮುಖಮಾಡಿವೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿಯುವ ಅಲೆಯು ಹಣ ಕೊಟ್ಟವನ ಅಂಗಳ, ಕೊಡದವನ ಅಂಗಳವೆಂದು ಭೇದವೆಣಿಸದು. ತಾನಾಗಿ ಬಿದ್ದುದನ್ನು ಹೆಕ್ಕಿದರೆ ತಪ್ಪೇನು ಎಂಬ ವಾದ ಹುಟ್ಟುವುದು ಇಲ್ಲಿಯೇ.

ಆದರೆ ಅಲೆಯೊಂದರಿಂದಲೇ ಚಿತ್ರ ಮೂಡದು. ಅದಕ್ಕೆ ಕೀಲಿ ಬೇಕು. ಆ ಕೀಲಿ ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಅದನ್ನು ಬಿಡಿಸಿಕೊಡುವುದು ಚಂದಾದಾರನ ಕಾರ್ಡು. ತಂತ್ರಾಂಶದ ಸಾಹಸವೆಂಬುದು ಬಹಳ ಕಡೆ ಒಗಟನ್ನು ಬಿಡಿಸುವುದೇ ಇಲ್ಲ. ಒಬ್ಬನು ಹಣತೆತ್ತ ಕಾರ್ಡಿನ ಕೀಲಿಯನ್ನು ಅಂತರ್ಜಾಲದ ಮೂಲಕ ಹಲವರಿಗೆ ಹಂಚುತ್ತದೆ, ಅಷ್ಟೆ. ಅಲ್ಲಿ ಬುದ್ಧಿಗಿಂತ ವ್ಯಾಪಾರ ಹೆಚ್ಚು.

ಕಾನೂನು ಈ ಭೇದವನ್ನು ಬಲ್ಲದು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವನಿಗೆ 2 ವರ್ಷಗಳವರೆಗೆ ಸೆರೆ, ಮೇಲೆ ದಂಡ. ನ್ಯಾಯವಾಗಿ ಪಡೆದ ಪ್ರತಿಯನ್ನಿಟ್ಟುಕೊಂಡು ಗೂಢಲಿಪಿಯ ಸಂಶೋಧನೆ ಮಾಡುವವನನ್ನು ಅದೇ ಕಲಮು ಬಿಟ್ಟಿದೆ. ಮನೆಯಲ್ಲಿ ಸುಮ್ಮನೆ ನೋಡಿದವನ ಪರವಾಗಿ ವಕೀಲರು ವಾದ ಹೂಡಿಯಾರು. ನೆರೆಹೊರೆಯವರಿಂದ ತಿಂಗಳ ಹಣ ಪಡೆದು ಹಂಚುವವನಿಗೆ ಆ ಆಸರೆಯೂ ದುರ್ಲಭ. ಅಣುಸ್ಥಾವರದ ನೌಕರಿಯನ್ನು ಕನಸುವ ಊರಿನಲ್ಲಿ, ಪೋಲೀಸರ ಪರಿಶೀಲನೆಗೆ ಒಂದು ಮೊಕದ್ದಮೆ ಅಡ್ಡಬಂದರೆ ಹುಡುಗನ ಜಾಣ್ಮೆಯೇ ಅವನಿಗೆ ಮುಳುವಾದೀತು.

ಹಾಗೆಂದು ದಂಡವೊಂದೇ ಉತ್ತರವಲ್ಲ. 1975–76ರಲ್ಲಿ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ಪಾಠಗಳು ಇಳಿದು ಬಂದಾಗ ಅವುಗಳಿಗೆ ಬೀಗವಿರಲಿಲ್ಲ. 2004ರಲ್ಲಿ ತೊಡಗಿದ ದೂರದರ್ಶನದ ಉಚಿತ ಡಿಶ್ ಸೇವೆಗೆ ಇಂದಿಗೂ ತಿಂಗಳ ಬಾಡಿಗೆಯಿಲ್ಲ. ಚಂದನವೂ ಅಲ್ಲಿ ದೊರೆಯುತ್ತದೆ. ಆ ತೆರೆದ ಬಾಗಿಲಿನಲ್ಲಿ ಒಳ್ಳೆಯ ಕನ್ನಡ ಕಾರ್ಯಕ್ರಮಗಳು ತುಂಬಿದಷ್ಟೂ ಹಿತ್ತಿಲ ಬಾಗಿಲಿನ ಆಸೆ ಕಡಿಮೆಯಾದೀತು. ಇದು ಸರಕಾರದ ಹೊಣೆ.

ಅಧ್ಯಾಪಕರ ಹೊಣೆ ಬೇರೆ. ಕವಿಯ ಗ್ರಂಥವನ್ನು ಕದ್ದು ಅಚ್ಚುಹಾಕಿದರೆ ನಾವು ನೆನೆಯುವುದು ಇದೇ 1957ರ ಕಾಯಿದೆಯನ್ನು. ಪುಸ್ತಕಕ್ಕೊಂದು ನ್ಯಾಯ, ಪರದೆಗೊಂದು ನ್ಯಾಯ ಸಲ್ಲದು. ಒಗಟನ್ನು ಬಿಡಿಸುವ ಬುದ್ಧಿಯನ್ನು ವಿದ್ಯಾರ್ಥಿಯಲ್ಲಿ ಬೆಳೆಸೋಣ; ಯಾವುದು ಒಗಟು, ಯಾವುದು ಪರರ ಮನೆಯ ಬೀಗವೆಂಬುದನ್ನೂ ಅದರೊಡನೆಯೇ ಹೇಳಿಕೊಡೋಣ.