ಜ್ಞಾನಸ್ನಾನವು ರಜೆಗಾಗಿ ಕಾಯಬೇಕೇ?

ದುಬೈಯಲ್ಲಿರುವ ಮಗಳು ಚೊಚ್ಚಲ ಗರ್ಭಿಣಿ ಎಂಬ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಯಾವುದು? ಮುಂದಿನ ವರ್ಷ ಅವರು ರಜೆಗೆ ಬಂದಾಗ ಜ್ಞಾನಸ್ನಾನದ ಔತಣ ಯಾವ ಸಭಾಂಗಣದಲ್ಲಿ ಎಂಬುದು! ಅಲ್ಲಿಯವರೆಗೆ ಮಗು ಕಾಯಬೇಕಂತೆ. ಏಕೆ ಕಾಯಬೇಕು?

ಯುಎಇಯಲ್ಲಿ 2022ರಿಂದ ಜಾರಿಯಲ್ಲಿರುವ ಕಾನೂನಿನಂತೆ ಖಾಸಗಿ ಸಂಸ್ಥೆಯಲ್ಲಿ ದುಡಿಯುವ ತಾಯಿಗೆ ಹೆರಿಗೆ ರಜೆ 60 ದಿನ. ಪೂರ್ಣ ವೇತನ 45 ದಿನಕ್ಕೆ ಮಾತ್ರ. ತವರಿನ ಬಾಣಂತನವಿಲ್ಲದೆ ಕೆಲಸಕ್ಕೆ ಮರಳುವ ಆಕೆಯ ಮೇಲೆ ಔತಣದ ಹೊರೆಯನ್ನೂ ಹೊರಿಸುವುದು ಪ್ರೀತಿಯೇ?

ಶಿಶುವಿಗೆ ಮೊದಲ ಕೆಲವು ವಾರಗಳಲ್ಲೇ ಜ್ಞಾನಸ್ನಾನ ಕೊಡಿಸಬೇಕು. ಹೆರಿಗೆಯಾದೊಡನೆ, ಅದಕ್ಕೂ ಮುನ್ನವೇ ಆದರೂ ಸರಿ, ಧರ್ಮಕೇಂದ್ರದ ಗುರುಗಳನ್ನು ಕಾಣಬೇಕು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆ (ವಿಧಿ 867). ಸಾಮಾನ್ಯವಾಗಿ ತಂದೆತಾಯಿಯ ಧರ್ಮಕೇಂದ್ರದ ದೇವಾಲಯವೇ ಅದಕ್ಕೆ ತಕ್ಕ ಸ್ಥಳ (857). ಜ್ಞಾನತಂದೆ ಅಥವಾ ಜ್ಞಾನತಾಯಿ, ಒಬ್ಬರಿದ್ದರೂ ಸಾಕು (873). ಹೀಗಿರುವಾಗ ದುಬೈಯ ಸಂತ ಮರಿಯಮ್ಮನವರ ದೇವಾಲಯ ನಮಗೆ ಪರಕೀಯವೇ?

ಮಾತೆ ಮರಿಯಮ್ಮನವರು ಹೆತ್ತದ್ದೂ ಮನೆಯಿಂದ ದೂರದಲ್ಲಿ, ಬೆತ್ಲೆಹೇಮಿನಲ್ಲಿ. ಆದರೂ ನಜರೇತಿಗೆ ಮರಳುವವರೆಗೆ ಕಾಯದೆ, ಎಂಟನೆಯ ದಿನವೇ ಸುನ್ನತಿ ನೆರವೇರಿಸಿ ಶಿಶುವಿಗೆ ಯೇಸು ಎಂದು ಹೆಸರಿಟ್ಟರೆಂದು ಲೂಕರ ಶುಭಸಂದೇಶ ಸಾರುತ್ತದೆ.

ಅಜ್ಜ ಅಜ್ಜಿಯರ ಆಸೆ ತಪ್ಪಲ್ಲ. ಮಗು ಊರಿಗೆ ಬಂದಾಗ ಕೃತಜ್ಞತಾ ಬಲಿಪೂಜೆ ಅರ್ಪಿಸಿ, ನೆರೆಹೊರೆಯನ್ನು ಕರೆದು ಊಟವಿಕ್ಕಿ. ಆದರೆ ದೇವರ ವರವನ್ನು ವಿಮಾನದ ಟಿಕೆಟ್ಟಿಗೆ ಕಟ್ಟಿಹಾಕಬೇಡಿ. ಮಗಳಿಗೆ ಫೋನ್ ಮಾಡುವಾಗ ಔತಣದ ದಿನಾಂಕ ಕೇಳುವುದು ಬೇಡ. "ಅಲ್ಲಿಯ ಗುರುಗಳನ್ನು ಕಂಡೆಯಾ? ಹೆರಿಗೆಯ ಹೊತ್ತಿಗೆ ನಿನ್ನ ಬಳಿ ಯಾರಿರುತ್ತಾರೆ?" ಎಂದು ಕೇಳಿ.