ಗೋಡೆ ಯಾರದು, ಮಾತು ಯಾರದು?

ಚುನಾವಣೆ ಘೋಷಣೆಯಾದೊಡನೆ ಊರಿನ ಗೋಡೆಗಳು ಬಣ್ಣ ಬದಲಿಸುತ್ತಿದ್ದ ಕಾಲವನ್ನು ನಮ್ಮ ಓದುಗರಲ್ಲಿ ನಡುವಯಸ್ಸು ದಾಟಿದವರೆಲ್ಲ ಬಲ್ಲರು. ರಾತ್ರಿ ಬರಿದಾಗಿದ್ದ ಪಾಗಾರದ ಮೇಲೆ ಬೆಳಗಾಗುವಷ್ಟರಲ್ಲಿ ಅಭ್ಯರ್ಥಿಯ ಹೆಸರು, ಪಕ್ಷದ ಚಿಹ್ನೆ, ಒಂದು ಘೋಷವಾಕ್ಯ ಮೂಡಿರುತ್ತಿದ್ದವು. ಇಂದು ನಮ್ಮ ಪೇಟೆ ಪಟ್ಟಣಗಳಲ್ಲಿ ಆ ದೃಶ್ಯ ಬಹುಮಟ್ಟಿಗೆ ಮರೆಯಾಗಿದೆ. ಗೋಡೆಗಳು ಸ್ವಚ್ಛವಾದುವೆಂದು ನಾವೆಲ್ಲ ನಿಟ್ಟುಸಿರುಬಿಟ್ಟೆವು. ಆದರೆ ಗೋಡೆಯೊಂದಿಗೆ ಬೇರೆ ಯಾವುದನ್ನಾದರೂ ಒರೆಸಿಹಾಕಿದೆವೇ ಎಂಬುದನ್ನು ತುಸು ಸಾವಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆ 1951ರ ಅಕ್ಟೋಬರಿನಲ್ಲಿ ಆರಂಭವಾಗಿ 1952ರ ಫೆಬ್ರವರಿಯಲ್ಲಿ ಮುಗಿಯಿತು. 1951ರ ಜನಗಣತಿಯಂತೆ ಆಗ ದೇಶದಲ್ಲಿ ಅಕ್ಷರಸ್ಥರ ಪ್ರಮಾಣ ನೂರಕ್ಕೆ ಸುಮಾರು 18 ಮಾತ್ರ. ಆದುದರಿಂದಲೇ ಪಕ್ಷಗಳಿಗೆ ಚಿಹ್ನೆಗಳನ್ನು ಕೊಡಲಾಯಿತು. ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಅವನವನ ಚಿಹ್ನೆಯನ್ನು ಅಂಟಿಸಿದ ಪ್ರತ್ಯೇಕ ಪೆಟ್ಟಿಗೆ ಇಡಲಾಯಿತು. ಓದಲು ಬಾರದವನಿಗೂ ಆ ಚಿಹ್ನೆಯ ಗುರುತು ಹತ್ತಿಸುವುದೇ ಪ್ರಚಾರದ ಮೊದಲ ಕೆಲಸವಾಯಿತು. ಕಲ್ಕತ್ತೆಯಲ್ಲಿ ಬೀದಿಯ ಹಸುಗಳ ಬೆನ್ನ ಮೇಲೂ ಮತಯಾಚನೆ ಬರೆಯಲಾಗಿತ್ತೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಹಸುವನ್ನೇ ಬಿಡದವರು ಗೋಡೆಯನ್ನು ಬಿಟ್ಟಾರೆಯೆ? ಪತ್ರಿಕೆ ಕೊಳ್ಳಲಾಗದವನಿಗೂ, ಸಭೆಗೆ ಹೋಗಲು ಬಿಡುವಿಲ್ಲದವನಿಗೂ ಗೋಡೆಯೇ ಪತ್ರಿಕೆಯಾಯಿತು, ಗೋಡೆಯೇ ಸಭೆಯಾಯಿತು.

ಬಂಗಾಳದಲ್ಲಿ ಈ ಗೋಡೆಬರಹ ಒಂದು ಕಲೆಯಾಗಿಯೇ ಬೆಳೆಯಿತು. ಅಲ್ಲಿನ ಪಕ್ಷಗಳು ಪ್ರಾಸಬದ್ಧ ಪದ್ಯಗಳಿಂದಲೂ ವ್ಯಂಗ್ಯಚಿತ್ರಗಳಿಂದಲೂ ಒಂದನ್ನೊಂದು ಕೆಣಕುತ್ತ ಬಂದಿವೆ. ಒಂದು ಗೋಡೆಯ ಪ್ರಶ್ನೆಗೆ ಎದುರು ಗೋಡೆ ಉತ್ತರ ಕೊಡುವುದುಂಟು. ನೆರೆಯ ಕೇರಳದಲ್ಲಿ ಚುನಾವಣೆ ದೂರವಿರುವಾಗಲೇ ಪಕ್ಷದ ಹೆಸರು, ಇಸವಿ ಬರೆದು ಗೋಡೆಯನ್ನು ಕಾದಿರಿಸುವ ಪದ್ಧತಿಯಿದೆ. ಅಂತಹ ಬರಹದ ಹಿಂದೆ ಸುಣ್ಣದ ಬಕೆಟ್ಟು, ಏಣಿ, ನಾಲ್ಕಾರು ಕುಂಚಗಳು, ರಾತ್ರಿ ನಿದ್ದೆಗೆಟ್ಟು ದುಡಿಯುವ ಊರಿನದೇ ಹುಡುಗರು ಇರುತ್ತಾರೆ. ಖರ್ಚು ಅಲ್ಪ, ಶ್ರಮ ಅಧಿಕ. ಹಣವಿಲ್ಲದ ಪಕ್ಷವೂ ಹಣವುಳ್ಳ ಪಕ್ಷದೊಡನೆ ಸರಿಸಮವಾಗಿ ನಿಲ್ಲಬಹುದಾದ ಸ್ಥಳ ಗೋಡೆ ಮಾತ್ರ ಎಂದರೆ ಅತಿಶಯೋಕ್ತಿಯಾಗದು.

ಇದು ಗೋಡೆಯ ಒಂದು ಮುಖ. ಇನ್ನೊಂದು ಮುಖವನ್ನು ನೋಡದೆ ಹೊಗಳುವುದು ಪ್ರಾಮಾಣಿಕತೆಯಲ್ಲ.

ವರ್ಷಗಳ ಹಿಂದೆ ನಮ್ಮ ಪರಿಚಯದ ವೃದ್ಧ ವಿಧವೆಯೊಬ್ಬರು ಮಗಳ ಮದುವೆಗೆಂದು ಮನೆಯ ಪಾಗಾರಕ್ಕೆ ಸುಣ್ಣ ಬಳಿಸಿದ್ದರು. ರೋಸ್ ಕಾರ್ಯಕ್ರಮದ ದಿನ ಬೆಳಿಗ್ಗೆ ಎದ್ದು ನೋಡಿದರೆ ಪಾಗಾರದ ಉದ್ದಕ್ಕೂ ಒಂದು ಪಕ್ಷದ ಚಿಹ್ನೆ. ಬರೆದ ಹುಡುಗರು ನೆರೆಕರೆಯವರೇ. ಕೇಳಿದ್ದಕ್ಕೆ, "ಬಾಯಮ್ಮ, ಖಾಲಿ ಗೋಡೆ ಅಲ್ಲವಾ? ಮತ ಎಣಿಕೆ ಮುಗಿದ ಮೇಲೆ ನಾವೇ ಸುಣ್ಣ ಹೊಡೆದು ಕೊಡುತ್ತೇವೆ" ಎಂದರಂತೆ. ಎಣಿಕೆ ಮುಗಿಯಿತು, ಸುಣ್ಣ ಬರಲಿಲ್ಲ. ಅಷ್ಟರಲ್ಲಿ ಎದುರು ಪಕ್ಷದವರು, "ನೀವು ಆ ಕಡೆಯವರಾ?" ಎಂದು ಮುಖ ತಿರುಗಿಸತೊಡಗಿದ್ದರು. ಆಕೆ ಯಾರಿಗೆ ಮತ ಹಾಕಿದರೆಂದು ನಾವು ಕೇಳಲಿಲ್ಲ, ಕೇಳಲೂ ಬಾರದು. ಆದರೆ ಮತಗಟ್ಟೆಯೊಳಗೆ ಗುಪ್ತವಾಗಿರಬೇಕಾದ ಮನಸ್ಸನ್ನು ಬೀದಿಯ ಗೋಡೆಯ ಮೇಲೆ ಬೇರೆಯವರು ಬರೆದು ತೋರಿಸಿದರೆ ಗುಪ್ತ ಮತದಾನಕ್ಕೆ ಬೆಲೆಯೇನು ಉಳಿಯಿತು? ಅಂದು ಕೆಟ್ಟದ್ದು ಸುಣ್ಣ ಮಾತ್ರವಲ್ಲ. ಬೇಡವೆನ್ನುವ ಧೈರ್ಯವಿಲ್ಲದ ಒಬ್ಬ ಹೆಂಗಸಿನ ಮನೆಯನ್ನೇ ಅವಳಾಡದ ಮಾತಿಗೆ ಬಾಯಿಯಾಗಿಸಿದ್ದು ಅಲ್ಲಿ ನಡೆದ ನಿಜವಾದ ಅನ್ಯಾಯ.

ಕಾನೂನು ಈ ಅನ್ಯಾಯವನ್ನು ಅರಿಯದೆ ಇಲ್ಲ. ಗೋಡೆಗಳನ್ನು ಕೆಡಿಸುವುದರ ವಿರುದ್ಧ ಪಶ್ಚಿಮ ಬಂಗಾಳ 1976ರಲ್ಲಿಯೂ, ಕರ್ನಾಟಕ 1981ರಲ್ಲಿಯೂ ಕಾಯಿದೆ ಮಾಡಿದವು. ಯಾರದೇ ಜಮೀನು, ಕಟ್ಟಡ, ಆವರಣ ಗೋಡೆಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸಕೂಡದೆಂದು ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. 1990ರಿಂದ 1996ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಶ್ರೀ ಟಿ.ಎನ್. ಶೇಷನ್‌ರವರು ಆ ಸಂಹಿತೆಗೆ ಹಲ್ಲು ಮೂಡಿಸಿದರು. 2006ರ ವಿಧಾನಸಭಾ ಚುನಾವಣೆಯಲ್ಲಿ ಆಯೋಗ 1976ರ ಕಾಯಿದೆಯನ್ನು ಬಿಗಿಯಾಗಿ ಜಾರಿಮಾಡಿದಾಗ ಕಲ್ಕತ್ತೆಯ ಮಾತುಗಾರ ಗೋಡೆಗಳೂ ಮೌನವಾದವು.

ಆದರೆ ಬಳಿದ ಸುಣ್ಣವೆಲ್ಲ ನ್ಯಾಯದ ಸುಣ್ಣವಲ್ಲ. ಇದಕ್ಕೆ ದೂರದ ಚಿಲಿ ದೇಶದ ಒಂದು ಉದಾಹರಣೆಯಿದೆ. ಅಲ್ಲಿ 1970ರಲ್ಲಿ ಸಾಲ್ವಡೋರ್ ಅಯೆಂದೆಯವರು ಅಧ್ಯಕ್ಷರಾಗಿ ಆಯ್ಕೆಯಾದ ಚುನಾವಣೆಯಲ್ಲಿ ಬೀದಿಯ ಚಿತ್ರಕಾರರ ತಂಡಗಳು ಪ್ರಮುಖ ಪಾತ್ರ ವಹಿಸಿದ್ದವು. ರಾಮೋನಾ ಪಾರಾ ದಳವೆಂಬ ತಂಡದಲ್ಲಿ ಒಬ್ಬರು ಗೆರೆ ಎಳೆಯುವವರು, ಇನ್ನೊಬ್ಬರು ಬಣ್ಣ ತುಂಬುವವರು, ಮತ್ತೊಬ್ಬರು ಹಿನ್ನೆಲೆ ಬಳಿಯುವವರು. ಪೊಲೀಸರು ಬರುವುದರೊಳಗೆ ಕೆಲಸ ಮುಗಿಯುತ್ತಿತ್ತು. 1971ರಲ್ಲಿ ಪ್ರಖ್ಯಾತ ಕಲಾವಿದ ರೊಬೆರ್ತೊ ಮಾತ್ತಾ ಈ ತಂಡದೊಡನೆ ಸೇರಿ ಸಾಂತಿಯಾಗೊ ನಗರದ ಲಾ ಗ್ರಾಂಹಾ ಎಂಬ ಬಡಾವಣೆಯ ಈಜುಕೊಳದ ಗೋಡೆಯ ಮೇಲೆ ದೊಡ್ಡ ಚಿತ್ರವೊಂದನ್ನು ಬರೆದರು. 1973ರ ಸೆಪ್ಟೆಂಬರಿನಲ್ಲಿ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಅದರ ಮೇಲೆ ಪದರ ಪದರವಾಗಿ ಬಣ್ಣ ಬಳಿಯಲಾಯಿತು. ಪ್ರಜಾಪ್ರಭುತ್ವ ಮರಳಿ ವರ್ಷಗಳಾದ ಬಳಿಕ ತಜ್ಞರು ಆ ಪದರಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರವನ್ನು ಮತ್ತೆ ಬೆಳಕಿಗೆ ತಂದರು. ಆ ದಳದವರ ಸಿದ್ಧಾಂತವನ್ನು ನಾವು ಒಪ್ಪಬೇಕೆಂದಿಲ್ಲ. ಬರೆದವರ ಬಾಯಿ ಮುಚ್ಚಿಸಲೂ ಸುಣ್ಣದ ಬಕೆಟ್ಟು ಸಾಕು ಎಂಬುದನ್ನು ಮಾತ್ರ ಮರೆಯಲಾಗದು.

ಇಲ್ಲಿಯೂ ಅಂತಹ ಪ್ರಶ್ನೆ ಏಳದೆ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಆಗಿನ ಮುಖ್ಯಮಂತ್ರಿಯವರ ಭಾವಚಿತ್ರವಿದ್ದ 'ಪೇ ಸಿಎಂ' ಪೋಸ್ಟರುಗಳನ್ನು ಅಂದಿನ ವಿರೋಧಪಕ್ಷ ಅಂಟಿಸಿದಾಗ ಪೊಲೀಸರು 1981ರ ಕಾಯಿದೆಯನ್ನೇ ಹಿಡಿದು ಮೊಕದ್ದಮೆ ಹೂಡಿದರು. ಆರೋಪದ ಸತ್ಯಾಸತ್ಯತೆ ಇಲ್ಲಿ ನಮ್ಮ ವಿಷಯವಲ್ಲ. ಅಪ್ಪಣೆಯಿಲ್ಲದೆ ಅಂಟಿಸಿದ್ದು ತಪ್ಪೆಂದೇ ಇಟ್ಟುಕೊಳ್ಳೋಣ. ಆದರೆ ನಾಯಕರ ಹುಟ್ಟುಹಬ್ಬಕ್ಕೆ ಶುಭಾಶಯ ಕೋರುವ ಫಲಕಗಳಿಗೂ ಅದೇ ಕಾಯಿದೆ ಅಷ್ಟೇ ಚುರುಕಾಗಿ ಎಚ್ಚರಗೊಳ್ಳುತ್ತದೆಯೆ? ಆಳುವ ಪಕ್ಷ ಯಾವುದೇ ಇರಲಿ, ಹೊಗಳಿಕೆಗೆ ಕಣ್ಣು ಮುಚ್ಚಿ ಟೀಕೆಗೆ ಮಾತ್ರ ಕಣ್ಣು ತೆರೆಯುವ ಕಾನೂನು ಗೋಡೆಯನ್ನು ಕಾಯುವ ಕಾನೂನಲ್ಲ.

ಗೋಡೆಬರಹ ನಿಂತ ಮೇಲೆ ಪ್ರಚಾರವೇನೂ ನಿಲ್ಲಲಿಲ್ಲ. ಅದು ಫ್ಲೆಕ್ಸಿಗೆ ಹಾರಿತು. ಮುಗುಳ್ನಗುವ ಮುಖ ದೊಡ್ಡದಾಯಿತು, ಹೇಳಬೇಕಾದ ಮಾತು ಚಿಕ್ಕದಾಯಿತು. ಕೈಯಿಂದ ಸಿನಿಮಾ ಬ್ಯಾನರು, ಅಂಗಡಿ ಫಲಕ ಬರೆಯುತ್ತಿದ್ದ ಕಲಾವಿದರು ಕೆಲಸ ಕಳೆದುಕೊಂಡರು. 2009ರ ಸುಮಾರಿಗೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಪೋಸ್ಟರುಗಳ ಹಾವಳಿ ತಡೆಯಲೆಂದು ರಸ್ತೆಬದಿಯ ಗೋಡೆಗಳ ಮೇಲೆ ನಾಡಿನ ಸ್ಮಾರಕ, ಪ್ರಾಣಿಪಕ್ಷಿಗಳ ಚಿತ್ರ ಬರೆಸಿದಾಗ ಅಂತಹವರಲ್ಲಿ ಕೆಲವರಿಗೆ ಮತ್ತೆ ಕುಂಚ ಹಿಡಿಯುವ ಅವಕಾಶ ದೊರೆತದ್ದು ಸ್ತುತ್ಯರ್ಹ. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಖಂಡತುಂಡ ಆದೇಶದ ಮೇರೆಗೆ ಆ ನಗರದ ಫ್ಲೆಕ್ಸುಗಳನ್ನೂ ಕಿತ್ತುಹಾಕಲಾಯಿತು. ಈಗ ಪ್ರಚಾರ ನಮ್ಮ ಕೈಯ ಫೋನಿನೊಳಗೆ ಸೇರಿಕೊಂಡಿದೆ. ಗೋಡೆಯ ಮೇಲಿನ ಸುಳ್ಳನ್ನು ಊರೆಲ್ಲ ನೋಡುತ್ತಿತ್ತು, ಎದುರಾಳಿಯೂ ನೋಡಿ ಉತ್ತರಿಸುತ್ತಿದ್ದ. ಫೋನಿನ ಸುಳ್ಳು ಒಬ್ಬೊಬ್ಬರ ಕಿವಿಯಲ್ಲಿ ಪಿಸುಗುಟ್ಟುತ್ತದೆ. ಬರೆದವನ ಗುರುತಿಲ್ಲ, ಒರೆಸಲು ಸುಣ್ಣವಿಲ್ಲ. ಅಭ್ಯರ್ಥಿಯ ವೆಚ್ಚಕ್ಕೆ ಕಾನೂನಿನ ಮಿತಿಯಿದ್ದರೂ ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲದ ನಮ್ಮ ದೇಶದಲ್ಲಿ ಇದರ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೀದಿಯ ಕಲೆ ಪಕ್ಷದ ಕೂಲಿಯಾಗಿಯೇ ಇರಬೇಕೆಂದಿಲ್ಲ ಎಂಬುದಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯೊಂದನ್ನು ಕೆರೆಯಂತೆ ಮಾಡಿ ಅದರಲ್ಲಿ ಒಂದು ಕೃತಕ ಮೊಸಳೆಯನ್ನು ಬಿಟ್ಟರು. ಊರಿಗೂರೇ ನಕ್ಕಿತು, ಗುಂಡಿ ಮುಚ್ಚಿತು. 2019ರಲ್ಲಿ ಹೊಂಡಗಳ ರಸ್ತೆಯ ಮೇಲೆ ಚಂದ್ರಯಾತ್ರಿಯೊಬ್ಬನನ್ನು ನಡೆಸಿದಾಗಲೂ ಅಧಿಕಾರಿಗಳು ಎಚ್ಚೆತ್ತರು. ಮತ ಕೇಳದ, ಯಾರನ್ನೂ ಹೀನಾಯವಾಗಿ ಬಯ್ಯದ ಆ ಕಲೆ ನಾಗರಿಕನ ಹಕ್ಕನ್ನು ಮಾತ್ರ ಕೇಳಿತು.

ಹಾಗಾದರೆ ನಾವು ಮಾಡಬೇಕಾದುದೇನು? ಬರಿದಾದ ಗೋಡೆಯೇ ಆದರ್ಶವೆಂಬ ಭ್ರಮೆಯನ್ನು ಮೊದಲು ಬಿಡಬೇಕು. ಆದರ್ಶವಾದುದು ಕೇಳಿ ಬರೆದ ಗೋಡೆ. ಫ್ರಾನ್ಸಿನಲ್ಲಿ ಚುನಾವಣೆಯ ವೇಳೆ ಸ್ಥಳೀಯ ಆಡಳಿತವೇ ಫಲಕಗಳನ್ನು ನಿಲ್ಲಿಸಿ ಪ್ರತಿ ಅಭ್ಯರ್ಥಿಗೂ ಸಮಾನ ಜಾಗ ಕೊಡುತ್ತದೆ. ಜಪಾನಿನಲ್ಲಿಯೂ ಅಂಕೆ ಹಾಕಿದ ಚೌಕಗಳಿರುವ ಅಂತಹುದೇ ಫಲಕಗಳಿವೆ. ನಮ್ಮ ಪಂಚಾಯತುಗಳೂ ನಗರಸಭೆಗಳೂ ಬಸ್ ನಿಲ್ದಾಣದ ಬಳಿ, ಸಂತೆಯ ಬಳಿ ಇಂತಹ ಗೋಡೆಯೊಂದನ್ನು ಕಟ್ಟಿಸಿ, ಪಕ್ಷದವನಿಗೂ ಪಕ್ಷೇತರನಿಗೂ ಒಂದೇ ಅಳತೆಯ ಜಾಗ ಕೊಡಲಿ. ಊರಿನ ಪೈಂಟರುಗಳು ಅಲ್ಲಿ ಬರೆಯಲಿ. ಬರೆಸಿದವರ ಹೆಸರು ಕೆಳಗಿರಲಿ. ಎಣಿಕೆ ಮುಗಿದ ವಾರದೊಳಗೆ ಸುಣ್ಣ ಬಳಿಯುವ ಹೊಣೆಯೂ ಅವರದೇ ಆಗಲಿ.

ನಮ್ಮ ಸಮಾಜ ಬಾಂಧವರಲ್ಲಿಯೂ ಒಂದು ವಿನಂತಿ. ಪ್ರಾರ್ಥನಾ ಮಂದಿರಗಳನ್ನು ಚುನಾವಣಾ ಪ್ರಚಾರದ ವೇದಿಕೆಯಾಗಿಸಬಾರದೆಂದು ನೀತಿಸಂಹಿತೆಯೇ ಹೇಳುತ್ತದೆ. ಆದುದರಿಂದ ಇಗರ್ಜಿಯ ಪಾಗಾರವನ್ನು ಯಾವ ಪಕ್ಷದವರು ಕೇಳಿದರೂ, ಅವರು ನಮಗೆ ಎಷ್ಟೇ ಬೇಕಾದವರಾದರೂ, ಉತ್ತರ ಒಂದೇ ಇರಲಿ. ಆದರೆ ಸ್ವಂತ ಮನೆಯ ಪಾಗಾರದ ಮಾತು ಬೇರೆ. ಕಾನೂನು ಅವಕಾಶ ಕೊಡುವಲ್ಲಿ, ಮನಸ್ಸಿದ್ದವರು ಲಿಖಿತ ಒಪ್ಪಿಗೆ ಕೊಡಲಿ, ಮನಸ್ಸಿಲ್ಲದವರು ಬೇಡವೆನ್ನಲಿ. ಬೇಡವೆಂದವರ ಬೆನ್ನಿಗೆ ವಾಳೆಯ ಗುರಿಕಾರರೂ ನೆರೆಕರೆಯವರೂ ನಿಲ್ಲಲಿ. ಅಂದು ಆ ವಿಧವೆಯ ಬೆನ್ನಿಗೆ ನಾವು ಯಾರೂ ನಿಲ್ಲಲಿಲ್ಲ. ಮದುವೆಯ ಮನೆಯಲ್ಲಿ ಊಟ ಮಾಡಿ, ಪಾಗಾರವನ್ನು ನೋಡಿಯೂ ನೋಡದವರಂತೆ ಮರಳಿ ಬಂದೆವು. ಮುಂದಿನ ಚುನಾವಣೆಯಲ್ಲಾದರೂ ಹಾಗಾಗದಿರಲಿ.