ಮಿಟೋಚೋಂಡ್ರಿಯಾ ಅಂದರೆ ನಗುವವರಿಗೆ...

ಮೊನ್ನೆ ಸಂಜೆ ಬಟವಾಡಿಯ ನಮ್ಮ ಪಕ್ಕದ ಮನೆ ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದಳು. ಗುಬ್ಬಿ ಕಡೆಯ ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿ ಬಂದವಳು, ಈಗ ಫಸ್ಟ್ ಪಿಯುಸಿ ಸೈನ್ಸ್. ಬಯಾಲಜಿ ಕ್ಲಾಸಿನಲ್ಲಿ ಎದ್ದು ನಿಂತು 'ಮಿಟೋಚೋಂಡ್ರಿಯಾ' ಎಂದು ಓದಿದಳಂತೆ. ಕ್ಲಾಸೆಲ್ಲಾ ನಕ್ಕಿತು. ಲೆಕ್ಚರರೂ ನಕ್ಕರು! "ಇನ್ಮೇಲೆ ಕ್ಲಾಸಲ್ಲಿ ಡೌಟೇ ಕೇಳಲ್ಲ ಅಂಕಲ್" ಅಂದಳು.

ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಇದೇ ಪದವನ್ನು ಅವಳು ಹೈಸ್ಕೂಲಿನಲ್ಲಿ ಕನ್ನಡ ಅಕ್ಷರದಲ್ಲಿ ಮೈ-ಟೋ-ಕಾಂ-ಡ್ರಿ-ಯಾ ಎಂದು ಸರಿಯಾಗಿಯೇ ಓದುತ್ತಿದ್ದಳು. ಕೆಡಿಸಿದ್ದು ಇಂಗ್ಲಿಷ್ ಸ್ಪೆಲ್ಲಿಂಗ್ ಸ್ವಾಮಿ, ಕನ್ನಡ ಮೀಡಿಯಂ ಅಲ್ಲ! ಸಿ-ಎಚ್ ಬಂದರೆ ಚೇರ್‌ನಲ್ಲಿ ಚ, ಮೆಷಿನ್‌ನಲ್ಲಿ ಷ, ಇಲ್ಲಿ ಕ. ಗ್ರೀಕಿನಿಂದ ಬಂದ ಪದಗಳಲ್ಲಿ ಅದು ಸಾಮಾನ್ಯವಾಗಿ ಕ: ಕ್ಲೋರಿನ್, ಕ್ರೋಮಿಯಂ, ಕ್ರೋಮೋಸೋಮ್. ಗ್ರೀಕಿನಲ್ಲಿ ಮಿಟೋಸ್ ಎಂದರೆ ದಾರ, ಕೋಂಡ್ರಿಯಾನ್ ಎಂದರೆ ಸಣ್ಣ ಕಾಳು. ಎರಡನ್ನೂ ಸೇರಿಸಿ 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಇಟ್ಟ ಹೆಸರಿದು. ಅಂದರೆ ಅವಳ 'ಮಿಟೋ' ಮೂಲಕ್ಕೇ ಹತ್ತಿರ! ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು.

ನಗುವವರು ಹೆಲಿಕಾಪ್ಟರನ್ನು ಎಲ್ಲಿ ಮುರಿಯುತ್ತಾರೆ? ಹೆಲಿ-ಕಾಪ್ಟರ್ ಅಂತ ತಾನೇ? ಮೂಲದಲ್ಲಿ ಅದು ಹೆಲಿಕೋ-ಪ್ಟರ್, ಸುರುಳಿ ಮತ್ತು ರೆಕ್ಕೆ. ಇಂಗ್ಲಿಷಿನವರು ತಪ್ಪಾಗಿ ಮುರಿದು ಹೆಲಿಪ್ಯಾಡ್ ಕಟ್ಟಿಕೊಂಡರು, ಯಾರೂ ನಗಲಿಲ್ಲ. (ತಮಾಷೆ ನೋಡಿ, ನಮ್ಮ ಒತ್ತಕ್ಷರ 'ಪ್ಟ' ಆ ರೆಕ್ಕೆಯನ್ನು ಮುರಿಯದೆ ಇಟ್ಟುಕೊಂಡಿದೆ.) ನಮ್ಮೂರನ್ನೇ ಇಂಗ್ಲಿಷಿನಲ್ಲಿ ಟುಮ್-ಕುರ್ ಎಂದು ಎರಡು ತುಂಡು ಮಾಡಿ ಬರೆಯುತ್ತಿದ್ದೆವು. ತು-ಮ-ಕೂ-ರು ನಾಲ್ಕೂ ಅಕ್ಷರ ಇಂಗ್ಲಿಷ್ ಬೋರ್ಡಿಗೆ ಬಂದದ್ದು 2014ರ ನವೆಂಬರ್ 1ರ ನಂತರ. ಈಗಲೂ ಟುಮ್ಕುರ್ ಅನ್ನುವವರನ್ನು ಎದ್ದು ನಿಲ್ಲಿಸಿ ನಗುತ್ತೇವೆಯೇ?

ನಮ್ಮ ಮಕ್ಕಳು ಗುರು-ಲಘು ಹಾಕಿ ಬಂದವರು, ಅಕ್ಷರ ಬಿಡಿಸುವುದು ಅವರಿಗೆ ಹೊಸದಲ್ಲ. ಬೋರ್ಡಿನಲ್ಲಿ ಇಂಗ್ಲಿಷ್ ಪದದ ಪಕ್ಕ ಕನ್ನಡದಲ್ಲಿ ಬಿಡಿಸಿ ಬರೆದರೆ ಲೆಕ್ಚರರ್ ಮರ್ಯಾದೆ ಹೋಗುತ್ತದೆಯೇ? ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅದರಿಂದ ನಷ್ಟವೇನಿಲ್ಲ.

ನಿನ್ನೆ ಅವಳಿಗೆ ಕ್ರೋಮೋಸೋಮ್ ಬಿಡಿಸಿ ತೋರಿಸಿದೆ. ಕ್ರೋಮ ಅಂದರೆ ಬಣ್ಣ, ಸೋಮ ಅಂದರೆ ದೇಹ.

"ಅದಕ್ಕೆ ಬಣ್ಣ ಎಲ್ಲಿಂದ ಬಂತು ಅಂಕಲ್?" ಅಂದಳು.

ಬಣ್ಣ ಹಾಕಿದರೆ ಚೆನ್ನಾಗಿ ಹೀರಿಕೊಂಡು ಮೈಕ್ರೋಸ್ಕೋಪಿನಲ್ಲಿ ಎದ್ದು ಕಾಣುತ್ತದೆ, ಅದಕ್ಕೇ ಆ ಹೆಸರು ಅಂದೆ. ಆದರೆ ಇದು ನನ್ನ ಜಗಲಿಯಲ್ಲಿ ಕೇಳುವ ಡೌಟಲ್ಲ, ಕ್ಲಾಸಿನಲ್ಲಿ ಕೇಳಬೇಕಾದದ್ದು.